ಬೆಟ್ಟ ಕಾಯುವ ತಂದೆ, ಬಾರದ ಮಗ

ಪಿ. ಶೇಷಾದ್ರಿ ನಿರ್ದೇಶಿಸಿದ ‘ಬೆಟ್ಟದ ಜೀವ’ 2011ರಲ್ಲಿ ತೆರೆಕಂಡ ಕನ್ನಡ ಚಿತ್ರ. ಶಿವರಾಮ ಕಾರಂತರ ಅದೇ ಹೆಸರಿನ ಕಾದಂಬರಿ ಅದರ ಮೂಲ; ಅದು ಹೊರಬಂದದ್ದು 1943ರಲ್ಲಿ. ಘಟ್ಟದ ತಪ್ಪಲಿನ ಕಾಡಿನಲ್ಲಿ ತೋಟ ಮಾಡಿಕೊಂಡಿರುವ ಮುದಿ ದಂಪತಿ, ಓದಲೆಂದು ಹೋಗಿ ಮತ್ತೆ ಮನೆಗೆ ಬಾರದ ಅವರ ಮಗ, ಇವರ ನಡುವೆ ಅಲುಗದೆ ನಿಂತ ಬೆಟ್ಟ: ವಸ್ತು ಇಷ್ಟೇ. ಹೆತ್ತವರ ಮತ್ತು ಮಗನ ನಡುವೆ ಬಿರುಕು ಬಿಟ್ಟ ನಂಟಿನ ಈ ಕಥೆಗೆ 58ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಸಿಕ್ಕಿತು. ಮನೆಯೊಳಗಿನ ನೋವಿಗೂ ಪರಿಸರಕ್ಕೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಚಿತ್ರ ನೋಡಿದವರಿಗೆ ಆ ಅನುಮಾನ ಉಳಿಯುವುದಿಲ್ಲ. ತಂದೆ ಕಡಿದು, ಅಗೆದು, ನೀರು ತಿರುಗಿಸಿ ಮಾಡಿದ ನೆಲವನ್ನು ತನ್ನ ಕಾಲಾನಂತರ ಯಾರ ಕೈಗೆ ಒಪ್ಪಿಸಬೇಕು ಎಂಬುದೇ ಆ ಮನೆಯ ನೋವಿನ ಬೇರು.

ಕಥೆ ನಡೆಯುವುದು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ. ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ಶಿವರಾಮಯ್ಯ ಎಂಬಾತ ದಾರಿ ತಪ್ಪುತ್ತಾನೆ. ಕತ್ತಲು ಕವಿಯುವ ಹೊತ್ತಿಗೆ ದೇರಣ್ಣ, ಬಟ್ಯ ಎಂಬ ಇಬ್ಬರು ಹಳ್ಳಿಗರು ಸಿಕ್ಕು, ಅವನನ್ನು ಗೋಪಾಲಯ್ಯನ ಮನೆಗೆ ಮುಟ್ಟಿಸುತ್ತಾರೆ. ಒಂದು ರಾತ್ರಿ ತಂಗಿ ಹೋಗಬೇಕೆಂದು ಬಂದವನು ದಿನಗಟ್ಟಲೆ ಉಳಿಯುತ್ತಾನೆ. ಉಳಿಯುತ್ತಾನೆ ಎನ್ನುವುದಕ್ಕಿಂತ, ಆ ಮನೆಯವರು ಅವನನ್ನು ಕಳಿಸಿಕೊಡುವುದಿಲ್ಲ. ಇವತ್ತು ಬೇಡ, ನಾಳೆ ಹೋದರಾಯಿತು. ನಾಳೆ ತೋಟ ನೋಡಿ, ನಾಡಿದ್ದು ಗುಡ್ಡ ಹತ್ತಿ ಬಂದು ಆಮೇಲೆ ಹೊರಟರಾಯಿತು. ಹೀಗೆ ದಿನ ಮುಂದಕ್ಕೆ ಹೋಗುತ್ತದೆ.

ಗೋಪಾಲಯ್ಯ ವಯಸ್ಸಾದರೂ ದಣಿಯದ ಮನುಷ್ಯ. ಮಾತಿನಲ್ಲಿ ಲವಲವಿಕೆ, ಹೆಂಡತಿ ಶಂಕರಿಯನ್ನು ಕೆಣಕುವುದರಲ್ಲಿ ಹುಡುಗಾಟ. ಆಕೆಯೂ ಬಿಟ್ಟುಕೊಡುವವಳಲ್ಲ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದರಲ್ಲಿ, ಮತ್ತೊಂದು ಸೌಟು ಬಡಿಸುವುದರಲ್ಲಿ, ಮಲಗುವ ಮೊದಲು ಹೊದಿಕೆ ಸಾಕೇ ಎಂದು ಕೇಳುವುದರಲ್ಲಿ ಅವರ ಉಪಚಾರ ತುಂಬಿ ಹರಿಯುತ್ತದೆ. ಮೊದಮೊದಲು ನೋಡುವವರಿಗೆ ಇದು ಹಳೆಯ ಕಾಲದ ಅತಿಥಿ ಸತ್ಕಾರ ಎಂದಷ್ಟೇ ಕಾಣುತ್ತದೆ. ನಿಧಾನಕ್ಕೆ ಬೇರೆಯೇ ಒಂದು ಸಂಗತಿ ತಿಳಿಯುತ್ತ ಬರುತ್ತದೆ. ಈ ಅಕ್ಕರೆ ಬಂದವನಿಗಾಗಿ ಹುಟ್ಟಿದ್ದಲ್ಲ. ಬಹುಕಾಲದಿಂದ ಮನೆಯಲ್ಲಿ ಕೂಡಿಟ್ಟು, ಪಡೆಯುವವರಿಲ್ಲದೆ ಉಳಿದುಬಿಟ್ಟ ಅಕ್ಕರೆ ಅದು. ಮಗನ ವಯಸ್ಸಿನ ಒಬ್ಬ ಜಗಲಿಗೆ ಬಂದು ಕುಳಿತೊಡನೆ ಅದಕ್ಕೆ ದಾರಿ ಸಿಕ್ಕಿದೆ.

ಮಗನ ಹೆಸರು ಶಂಭು. ಓದಿಗಾಗಿ ಊರು ಬಿಟ್ಟವನು ತಿರುಗಿ ಬರಲಿಲ್ಲ. ತಂದೆತಾಯಿ ಅವನ ಮಾತನ್ನು ನೇರವಾಗಿ ಎತ್ತುವುದಿಲ್ಲ. ಎತ್ತಿದರೂ ಅರ್ಧಕ್ಕೆ ನಿಲ್ಲಿಸುತ್ತಾರೆ. ಗಂಡ ಎದುರಿಗಿದ್ದಾಗ ಹೆಂಡತಿ ಮಾತು ನುಂಗುತ್ತಾಳೆ, ಹೆಂಡತಿ ಒಳಗೆ ಹೋದಾಗ ಗಂಡ ಒಂದೆರಡು ಮಾತು ಹೊರಹಾಕುತ್ತಾನೆ. ಒಬ್ಬರ ಸಂಕಟ ಇನ್ನೊಬ್ಬರಿಗೆ ತಾಗಬಾರದೆಂದು ಇಬ್ಬರೂ ನಗುತ್ತಾರೆ. ಗೋಪಾಲಯ್ಯನ ತಮಾಷೆಯೆಲ್ಲ ಇದೇ ಕಾರಣಕ್ಕೆ ಹುಟ್ಟಿದ್ದೋ ಏನೋ ಎಂಬ ಭಾವನೆ ಒಮ್ಮೆ ಬಂದ ಮೇಲೆ, ಆತ ಹಾಸ್ಯ ಮಾಡಿದ ಪ್ರತಿ ಸಲವೂ ನೋಡುವವರ ಎದೆ ಭಾರವಾಗುತ್ತದೆ.

ಶಂಭುವಿನ ಜಾಗ ಪೂರ್ತಿ ಖಾಲಿ ಬಿದ್ದಿಲ್ಲ. ದಂಪತಿಯ ಆಸರೆಯಲ್ಲಿ ಬೆಳೆದ ನಾರಾಯಣ, ಅವನ ಹೆಂಡತಿ ಲಕ್ಷ್ಮಿ ಮತ್ತು ಮಕ್ಕಳು ಕಾಟುಮೂಲೆ ಎಂಬ ಇನ್ನೂ ಒಳಗಿನ ಜಾಗದಲ್ಲಿ ತೋಟ ನೋಡಿಕೊಂಡಿದ್ದಾರೆ. ಅವನು ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಆದರೆ ಕರೆದರೆ ಓಗೊಡುವಷ್ಟು ಹತ್ತಿರ ಇರುವವನು ಅವನೇ. ಅವನೂ ಎಲ್ಲಿ ಬಿಟ್ಟು ಹೋಗುತ್ತಾನೋ ಎಂಬ ಅಳುಕು ಮುದುಕರನ್ನು ಕಾಡುತ್ತದೆ. ನಾಳೆ ಶಂಭು ಬಂದು ನಿಂತರೆ ತನ್ನ ದುಡಿಮೆಗೆ ಏನು ಬೆಲೆ ಎಂಬ ಅಳುಕು ನಾರಾಯಣನ ಕಡೆಗೂ ಇರುವುದು ಸಹಜ. ಕಾರಂತರ ಕಥೆಗಾರಿಕೆಯ ಸೂಕ್ಷ್ಮ ಇಲ್ಲಿದೆ. ಮಗನಲ್ಲದವನು ಮಗನ ಕೆಲಸವನ್ನೆಲ್ಲ ಮಾಡುತ್ತಿರುವಾಗ ಮಗ ಎಂಬ ಪದಕ್ಕೆ ಏನರ್ಥ ಎಂಬ ಪ್ರಶ್ನೆಯನ್ನು ಅವರು ಎಲ್ಲೂ ಬಾಯಿಬಿಟ್ಟು ಕೇಳದೆ ಓದುಗರ ಮುಂದಿಡುತ್ತಾರೆ.

ಇಂಥ ಕಥೆಗಳಲ್ಲಿ ತಪ್ಪು ಯಾರದು ಎಂದು ತೀರ್ಪು ಕೊಡುವ ಆಸೆ ಬರಹಗಾರರನ್ನು ಸುಲಭವಾಗಿ ಹಿಡಿಯುತ್ತದೆ. ಹೆತ್ತವರನ್ನು ಮರೆತ ಮಗ ಕಟುಕ, ಅಥವಾ ಮಗನ ಮನಸ್ಸು ತಿಳಿಯದ ತಂದೆ ಹಟಮಾರಿ. ಕನ್ನಡದ ಎಷ್ಟೋ ಕೌಟುಂಬಿಕ ಚಿತ್ರಗಳು ಈ ಎರಡರಲ್ಲಿ ಒಂದನ್ನು ಆರಿಸಿಕೊಂಡು, ಕೊನೆಯ ರೀಲಿನಲ್ಲಿ ಮಗನನ್ನು ತಂದೆಯ ಕಾಲಿಗೆ ಬೀಳಿಸಿ ಮುಗಿಸಿವೆ. ‘ಬೆಟ್ಟದ ಜೀವ’ ಆ ದಾರಿ ಹಿಡಿಯದಿರುವುದೇ ಅದರ ದೊಡ್ಡ ಗುಣ. ಶಂಭು ಹೋದದ್ದು ನಿಜ, ಬರದಿದ್ದದ್ದು ನಿಜ, ಕಾಯುವವರು ಕಾಯುತ್ತಿರುವುದೂ ನಿಜ. ಅದಕ್ಕಿಂತ ಹೆಚ್ಚಿನ ವಿಚಾರಣೆ ಅಲ್ಲಿ ನಡೆಯುವುದಿಲ್ಲ.

ಮಗನಿಲ್ಲದ ಆ ಮನೆಯನ್ನು ತುಂಬಿರುವುದು ಕೆಲಸ. ಅಡಿಕೆ, ಬಾಳೆ, ಗದ್ದೆ, ದನಕರು. ಕಾಡಿನಿಂದ ಆನೆ ಇಳಿದರೆ ಒಂದೇ ರಾತ್ರಿಗೆ ವರ್ಷದ ಶ್ರಮ ನೆಲಸಮ. ಹುಲಿ ಬಂದರೆ ಹಟ್ಟಿಯ ದನ ಹೋಯಿತು. ಮಳೆ ಹಿಡಿದರೆ ತಿಂಗಳುಗಟ್ಟಲೆ ಹೊರಗಿನ ಲೋಕದ ಸುದ್ದಿಯಿಲ್ಲ. ಇಷ್ಟೆಲ್ಲದರ ನಡುವೆ ಗೋಪಾಲಯ್ಯ ನೆಲ ಬಿಡುವ ಮಾತಾಡುವುದಿಲ್ಲ. ಇಲ್ಲಿ ಒಂದು ಸಂದೇಹ ಏಳುತ್ತದೆ, ಚಿತ್ರ ನೋಡಿದವರು ಅದನ್ನು ಕೇಳಿಕೊಳ್ಳಲೇಬೇಕು. ತಂದೆ ಬೆಟ್ಟಕ್ಕೆ ಕೊಟ್ಟ ಪ್ರೀತಿಯಲ್ಲಿ ಮಗನ ಪಾಲು ಎಷ್ಟಿತ್ತು? ಎಳೆಯ ವಯಸ್ಸಿನ ಹುಡುಗನಿಗೆ ಅಪ್ಪನ ತೋಟ ಒಡಹುಟ್ಟಿದವನಂತೆ ಕಂಡಿತೋ, ಅಪ್ಪನನ್ನು ಕಸಿದುಕೊಂಡ ಎದುರಾಳಿಯಂತೆ ಕಂಡಿತೋ? ನೆಲದ ಮೇಲಿನ ಪ್ರೀತಿ ರಕ್ತದ ಜೊತೆ ಮಕ್ಕಳಿಗೆ ಇಳಿಯುವುದಿಲ್ಲ. ಅದನ್ನು ಪ್ರತಿ ತಲೆಮಾರೂ ಹೊಸದಾಗಿ ಕಲಿಯಬೇಕು. ನಾರಾಯಣ ಕಲಿತ, ಶಂಭು ಕಲಿಯಲಿಲ್ಲ.

ಪರಿಸರ ಪ್ರಶಸ್ತಿಯ ವಿಚಾರಕ್ಕೂ ಇಲ್ಲಿ ಸ್ವಲ್ಪ ನಿಲ್ಲಬೇಕು. ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದವನು. ದನ ಹಿಡಿದ ಹುಲಿಯನ್ನು ಹೊಡೆಯುವುದು ಆ ಕಾಲದ ಬದುಕಿನಲ್ಲಿ ತಪ್ಪಲ್ಲ, ಊರಿಗೆ ಊರೇ ಸೇರಿ ಮಾಡುವ ಕೆಲಸ. 1943ರ ಕಾಡು ಮನುಷ್ಯನಿಗಿಂತ ಬಲಶಾಲಿಯಾಗಿತ್ತು, ಅದರೊಡನೆ ಸೆಣಸಿ ಒಂದಿಷ್ಟು ಜಾಗ ಗಿಟ್ಟಿಸಿಕೊಳ್ಳುವುದೇ ಸಾಹಸ. 2011ರ ಹೊತ್ತಿಗೆ ಬಲಾಬಲ ತಲೆಕೆಳಗಾಗಿತ್ತು. ಹೀಗಿದ್ದರೂ ಚಿತ್ರ ಪರಿಸರದ ಪಾಠವನ್ನು ಒತ್ತಾಯದಿಂದ ತುರುಕದೆ ಗೆಲ್ಲುವುದಕ್ಕೆ ಕಾರಣ, ಗೋಪಾಲಯ್ಯನ ಅಳತೆಗೋಲು. ತನ್ನ ಎರಡು ತೋಳಿಗೆ ಎಷ್ಟು ದಕ್ಕುತ್ತದೋ ಅಷ್ಟು ನೆಲ, ತನ್ನ ಮನೆಗೆ ಎಷ್ಟು ಬೇಕೋ ಅಷ್ಟು ಫಸಲು. ಬೆಟ್ಟವನ್ನು ಆತ ಬಳಸುತ್ತಾನೆ, ಬೆಟ್ಟಕ್ಕೆ ಹೆದರುತ್ತಾನೆ, ಬೆಟ್ಟವನ್ನು ತೋರಿಸಿ ಹೆಮ್ಮೆಪಡುತ್ತಾನೆ. ಕಾರಂತರ ನಿಲುವೂ ಬರಬರುತ್ತ ಇನ್ನಷ್ಟು ಗಟ್ಟಿಯಾಯಿತು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಅವರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಆಗ ಅವರಿಗೆ 87 ವರ್ಷ. ಕಾದಂಬರಿ ಬರೆದಾಗಿನ ನಲವತ್ತರ ಹರೆಯದ ಕಾರಂತರಿಗಿಂತ ಹೆಚ್ಚಾಗಿ ಆ ಇಳಿವಯಸ್ಸಿನ ಕಾರಂತರೇ ಗೋಪಾಲಯ್ಯನಿಗೆ ಹತ್ತಿರದವರು.

ನಿರ್ದೇಶಕ ಶೇಷಾದ್ರಿಯವರಿಗೆ ಪರಿಸರ ವಿಭಾಗದ ರಾಷ್ಟ್ರಪ್ರಶಸ್ತಿ ಇದು ಎರಡನೆಯದು. ಮಕ್ಕಳು ಆಟದ ಬಯಲಿಗಾಗಿ ಹಂಬಲಿಸುವ ‘ತುತ್ತೂರಿ’ಗೆ ಮೊದಲೇ ಅದು ಬಂದಿತ್ತು. ತಂದೆ ಮತ್ತು ಮಗಳ ನಡುವಿನ ಬಿಗುವಾದ ನಂಟನ್ನು ಅವರು ‘ವಿಮುಕ್ತಿ’ಯಲ್ಲಿ ಹಿಡಿದಿದ್ದರು. ಮುಂದೆ 2019ರಲ್ಲಿ ‘ಮೂಕಜ್ಜಿಯ ಕನಸುಗಳು’ ಮಾಡಿದರು. ಅವರ ಚಿತ್ರಗಳು ಗದ್ದಲ ಮಾಡುವುದಿಲ್ಲ, ಕ್ಯಾಮೆರಾ ಅವಸರಪಡುವುದಿಲ್ಲ. ಕೆಲವೊಮ್ಮೆ ಆ ನಿಧಾನ ಅತಿಯಾಯಿತು ಎಂದು ಅನ್ನಿಸುವುದುಂಟು. ‘ಬೆಟ್ಟದ ಜೀವ’ದಲ್ಲಿ ಮಾತ್ರ ಅದು ಕಥೆಯ ಉಸಿರಿಗೆ ಹೊಂದುತ್ತದೆ, ಏಕೆಂದರೆ ಕಾಯುವುದೇ ಅಲ್ಲಿನ ಮುಖ್ಯ ಘಟನೆ. ಗೋಪಾಲಯ್ಯನಾಗಿ ನಟಿಸಿದವರು ಎಚ್.ಜಿ. ದತ್ತಾತ್ರೇಯ, ಕನ್ನಡಿಗರ ಬಾಯಲ್ಲಿ ದತ್ತಣ್ಣ. ಚಿತ್ರದುರ್ಗದವರು, ವಾಯುಪಡೆಯಲ್ಲಿ ಅಧಿಕಾರಿಯಾಗಿ ದುಡಿದು ಆಮೇಲೆ ನಟನೆಗೆ ಬಂದವರು. ಕಣ್ಣಿನ ಅಂಚಿನಲ್ಲಿ ನಗು ಇಟ್ಟುಕೊಂಡು ಗಂಟಲಲ್ಲಿ ದುಃಖ ತಡೆಯುವ ಕಲೆ ಅವರಿಗೆ ಒಲಿದಿದೆ. ಶಂಕರಿಯಾಗಿ ಮೈಸೂರಿನ ರಂಗಕರ್ಮಿ ರಾಮೇಶ್ವರಿ ವರ್ಮ, ದಾರಿ ತಪ್ಪಿ ಬಂದ ಅತಿಥಿಯಾಗಿ ಸುಚೇಂದ್ರ ಪ್ರಸಾದ್. ಮೂವರಲ್ಲಿ ಒಬ್ಬರು ತುಸು ಹೆಚ್ಚು ಅತ್ತಿದ್ದರೂ ಚಿತ್ರ ಕೆಡುತ್ತಿತ್ತು.

ತಂದೆ, ಮಗ, ನೆಲ ಎಂಬ ಈ ಮೂರು ಮೊಳೆಗಳ ಮೇಲೆ ಕನ್ನಡದಲ್ಲಿ ಬೇರೆ ಚಿತ್ರಗಳೂ ನಿಂತಿವೆ. ಕಾರಂತರದೇ ಕಾದಂಬರಿ ಆಧರಿಸಿ ಟಿ.ಎಸ್. ನಾಗಾಭರಣ ಮಾಡಿದ ‘ಚಿಗುರಿದ ಕನಸು’ ಶಂಭುವಿನ ಕಥೆಯನ್ನು ಹಿಮ್ಮುಖವಾಗಿ ಹೇಳಿದಂತಿದೆ. ದೆಹಲಿಯಲ್ಲಿ ಬೆಳೆದ ಹುಡುಗ ಪೂರ್ವಿಕರ ಊರು ಹುಡುಕಿಕೊಂಡು ಬಂದು ಪಾಳುಬಿದ್ದ ನೆಲವನ್ನು ಕೈಗೆತ್ತಿಕೊಳ್ಳುತ್ತಾನೆ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಸೀಮೆಯ ಗಡ್ಡಪ್ಪ ಮನೆ, ಹೊಲ, ಹಣ ಯಾವುದೂ ಬೇಡವೆಂದು ಅಲೆಯುತ್ತಾನೆ. ಅವನ ಮಗನಿಗೆ ಬೇಕಾದದ್ದು ಜಮೀನಿನ ಕಾಗದ. ಅಲ್ಲಿ ಹಟ ಹಿಡಿಯುವವನು ಮಗ, ಜಾರಿಕೊಳ್ಳುವವನು ತಂದೆ. ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಇವೆಲ್ಲಕ್ಕಿಂತ ಕಠಿಣವಾದ ಚಿತ್ರ. ನಾ. ಡಿಸೋಜ ಅವರ ಕೃತಿಯಿಂದ ಬಂದದ್ದು, ಅತ್ಯುತ್ತಮ ಚಿತ್ರವೆಂದು ಸ್ವರ್ಣ ಕಮಲ ಪಡೆದದ್ದು. ಅಣೆಕಟ್ಟಿನ ನೀರು ಏರುತ್ತಿದೆ, ಊರವರು ಪರಿಹಾರ ತೆಗೆದುಕೊಂಡು ಹೊರಟಿದ್ದಾರೆ. ಪೂಜಾರಿ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಮಾತ್ರ ಗುಡ್ಡದ ಮೇಲೆ ಉಳಿದಿದ್ದಾರೆ. ಮುದುಕನಿಗೆ ಹೊರಡಲು ಮನಸ್ಸಿಲ್ಲ, ಮಗನಿಗೆ ಹೊರಡುವ ಧೈರ್ಯವಿಲ್ಲ, ಮಳೆಯಲ್ಲಿ ಮನೆಯನ್ನು ಉಳಿಸಿಕೊಳ್ಳುವವಳು ಸೊಸೆ. ನಾಗಿಯಾಗಿ ಸೌಂದರ್ಯ ನಟಿಸಿದರು, ಚಿತ್ರದ ನಿರ್ಮಾಪಕಿಯೂ ಅವರೇ.

‘ದ್ವೀಪ’ದ ನೀರು ಶರಾವತಿಯದು. ಆದರೆ ಹೊಸಪೇಟೆಯಲ್ಲಿ ಆ ಚಿತ್ರ ನೋಡಿದವರಿಗೆ ನೆನಪಾಗುವುದು ತುಂಗಭದ್ರೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಗೆ ಇಂಥ ಚಿತ್ರಗಳು ಹೊರಗಿನವಲ್ಲ. ಇಲ್ಲಿನ ಕಲ್ಲುಬಂಡೆ, ಕೆಂಪು ಗುಡ್ಡಗಳಿಗೆ ಮಲೆನಾಡಿನ ಹಸಿರಿನೊಡನೆ ಹೋಲಿಕೆಯಿಲ್ಲ. ಹೋಲಿಕೆ ಇರುವುದು ಕಥೆಗಳಲ್ಲಿ. ಹೆತ್ತವರಿಂದ ದೂರವಾದ ಮಕ್ಕಳು ಬಂದು ನಿಂತ ಬೆಟ್ಟಗಳ ನಾಡು ಇದು.

ಸಂಡೂರಿನ ಕುಮಾರಸ್ವಾಮಿಯಿಂದಲೇ ಆರಂಭಿಸಬಹುದು. ‘ಬೆಟ್ಟದ ಜೀವ’ದ ಮನೆ ಇರುವುದು ಕುಕ್ಕೆ ಸುಬ್ರಹ್ಮಣ್ಯದ ಕಡೆಯಲ್ಲಿ, ಕುಮಾರ ಪರ್ವತದ ನಾಡಿನಲ್ಲಿ. ಸಂಡೂರಿನ ಬೆಟ್ಟದ ಮೇಲಿರುವವನೂ ಅದೇ ದೇವರು. ಅಣ್ಣ ಗಣಪನೊಡನೆ ಲೋಕ ಸುತ್ತುವ ಪಂದ್ಯದಲ್ಲಿ ಸೋತು, ಹೆತ್ತವರು ತನಗೆ ಅನ್ಯಾಯ ಮಾಡಿದರೆಂದು ತಾಯಿಯ ಮೇಲೆ ಮುನಿದು, ಮನೆ ಬಿಟ್ಟು ಕ್ರೌಂಚಗಿರಿಗೆ ಬಂದನೆಂಬುದು ಇಲ್ಲಿನವರು ಹೇಳಿಕೊಂಡು ಬಂದ ಕಥೆ. ಆ ಮುನಿಸು ಎಷ್ಟರದ್ದೆಂದರೆ, ಕುಡಿದ ಹಾಲನ್ನೂ ಕಾರಿಬಿಟ್ಟನಂತೆ. ಬಹುಕಾಲ ಹೆಂಗಸರು ಅವನ ದರ್ಶನ ಪಡೆಯುವ ರೂಢಿ ಇಲ್ಲದಿದ್ದುದಕ್ಕೆ ಇದೇ ಕಾರಣ ಹೇಳುತ್ತಾರೆ. ಮನೆ ಬಿಟ್ಟ ಮಗನನ್ನು ತಾಯಿ ಬಿಡಲಿಲ್ಲ ಎಂಬುದಕ್ಕೆ ಗುರುತೂ ಅಲ್ಲೇ ಇದೆ: ಕುಮಾರಸ್ವಾಮಿಯ ಗುಡಿಯ ಹತ್ತಿರವೇ ಪಾರ್ವತಿಯ ಗುಡಿ. ಎರಡೂ ಸಾವಿರ ವರ್ಷಕ್ಕಿಂತ ಹಳೆಯ ಕಟ್ಟಡಗಳು, ತಾಯಿಯದು ಮಗನದಕ್ಕಿಂತಲೂ ಹಿಂದಿನದು. ಶಂಭು ಬೆಟ್ಟ ಬಿಟ್ಟು ಊರಿಗೆ ಹೋದ. ಈ ಕುಮಾರ ಮನೆ ಬಿಟ್ಟು ಬೆಟ್ಟಕ್ಕೆ ಬಂದ.

ಎರಡನೆಯ ಕುಮಾರ ಕಂಪ್ಲಿಯವನು. ಕಂಪಿಲರಾಯನ ಮಗ ಕುಮಾರರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಹೋಗಿ ಬಿತ್ತು, ಅವಳು ಅವನನ್ನು ಬಯಸಿದಳು, ಅವನು ಒಪ್ಪಲಿಲ್ಲ. ಅವಳ ಸುಳ್ಳು ದೂರನ್ನು ನಂಬಿದ ತಂದೆ ಮಗನ ತಲೆ ತರಿಸಲು ಅಪ್ಪಣೆ ಕೊಟ್ಟ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೊಂದು ತಲೆ ತೋರಿಸಿದ. ದೆಹಲಿಯ ಸೈನ್ಯ ಮೇಲೇರಿ ಬಂದಾಗ, ತಾನು ಕೊಲ್ಲಿಸಿದೆನೆಂದುಕೊಂಡ ಮಗನೇ ಎದ್ದು ಬಂದು ರಾಜ್ಯಕ್ಕಾಗಿ ಕಾದಿದ. ಇತಿಹಾಸದಲ್ಲಿ ಕಂಪಿಲಿ ಬಿದ್ದದ್ದು 1327ರಲ್ಲಿ. ನಂಜುಂಡ ಕವಿಯ ‘ರಾಮನಾಥ ಚರಿತೆ’ಯಿಂದ ಹಿಡಿದು ಶಿವರಾಜಕುಮಾರ್ ನಟಿಸಿದ ‘ಗಂಡುಗಲಿ ಕುಮಾರರಾಮ’ ಚಿತ್ರದವರೆಗೆ ಈ ಕಥೆ ಬಗೆಬಗೆಯಾಗಿ ಬಂದಿದೆ. ಚಿತ್ರ ಕತ್ತಿ, ಕುದುರೆ, ಶೌರ್ಯಗಳ ಕಡೆ ಹೆಚ್ಚು ವಾಲಿತು. ಕಥೆಯ ನಿಜವಾದ ತಿರುಳು ಅಪ್ಪಣೆ ಕೊಟ್ಟ ರಾತ್ರಿ ಕಂಪಿಲರಾಯ ಹೇಗೆ ನಿದ್ದೆ ಮಾಡಿದ ಎಂಬಲ್ಲಿದೆ. ಅದನ್ನು ಕೌಟುಂಬಿಕ ಕಥೆಯಾಗಿಯೇ ತೆಗೆಯಬೇಕಾದ ಕೆಲಸ ಇನ್ನೂ ಬಾಕಿ ಇದೆ. ಕುಮ್ಮಟದುರ್ಗದ ಬೆಟ್ಟ, ಸಂಡೂರಿನ ಬಳಿಯ ಹೊಸಮಲೆ ಎರಡೂ ರಾಮನ ನೆನಪನ್ನು ಹೊತ್ತಿವೆ.

ಮೂರನೆಯವನು ಇಡೀ ದೇಶಕ್ಕೆ ಗೊತ್ತಿರುವ ಮಗ. ತಂದೆಯ ಮಾತಿಗೆ ಕಟ್ಟುಬಿದ್ದು ಕಾಡಿಗೆ ಬಂದ ರಾಮ ಕಿಷ್ಕಿಂಧೆಯ ಮಳೆಗಾಲವನ್ನು ಕಳೆದ ಬೆಟ್ಟವೆಂದು ನಂಬಿಕೆಯಿರುವುದು ಹಂಪಿಯ ಮಾಲ್ಯವಂತ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಅದರ ಮೇಲೆ ರಘುನಾಥನ ಗುಡಿಯಿದೆ. ಹೆತ್ತವರೊಡನೆ ಮುನಿಸಿಲ್ಲದ ಕಥೆಯೂ ಈ ಸೀಮೆಯಲ್ಲಿ ಒಂದಿದೆ, ಹೇಳದೆ ಬಿಡಬಾರದು. ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ. ಕೃಷ್ಣದೇವರಾಯ ತಾಯಿ ನಾಗಲಾಂಬಿಕೆಯ ಹೆಸರಿನಲ್ಲಿ ಊರು ಕಟ್ಟಿಸಿದನೆಂಬುದು ಇಲ್ಲಿನ ಪ್ರತೀತಿ.

ಪುರಾಣ ಮತ್ತು ಚರಿತ್ರೆಯನ್ನು ಬಿಟ್ಟು ಈಚಿನ ಕಾಲಕ್ಕೆ ಬಂದರೆ, ಇಲ್ಲಿನ ಮನೆಗಳನ್ನು ಎರಡು ಸಂಗತಿಗಳು ಅಲುಗಿಸಿವೆ. ಮೊದಲನೆಯದು ಮುಳುಗಡೆ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ಹತ್ತಾರು ಹಳ್ಳಿಗಳು ಜಲಾಶಯದ ತಳ ಸೇರಿದವು. ನಾರಾಯಣ ದೇವರ ಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಅಣೆಕಟ್ಟು ಲಕ್ಷಾಂತರ ಎಕರೆಗೆ ನೀರು ಕೊಟ್ಟಿತು, ಕಂಪ್ಲಿಯ ಕಡೆ ಭತ್ತ, ಕಬ್ಬು ತುಂಬಿ ನಿಂತವು. ಅದೇ ನೀರಿನ ಅಡಿಯಲ್ಲಿ ಬೇರೆಯವರ ಹೊಲ, ಗುಡಿ, ಗೋರಿಗಳಿವೆ. ಹಿರಿಯರಿಗೆ ಮುಳುಗಿದ ಊರೇ ಊರು, ಮಕ್ಕಳಿಗೆ ಹೊಸ ಊರೇ ಊರು. ಒಂದೇ ಮನೆಯಲ್ಲಿ ಎರಡು ಊರಿನವರು ಒಟ್ಟಿಗೆ ಬಾಳಿದ ಆ ವರ್ಷಗಳಲ್ಲಿ ನಡೆದಿರಬಹುದಾದ ಮೌನದ ಜಗಳಗಳು ಯಾವ ದಾಖಲೆಗೂ ಹತ್ತಿಲ್ಲ. ದಾಖಲೆಯಲ್ಲಿರುವುದು ಎಕರೆ ಮತ್ತು ಪರಿಹಾರದ ಲೆಕ್ಕ.

ಎರಡನೆಯದು ಗಣಿ. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇರುವುದು ಹಳೆಯ ಸಂಗತಿ. ಆದರೆ ಈ ಶತಮಾನದ ಮೊದಲ ದಶಕದಲ್ಲಿ ಹೊರದೇಶಗಳಿಂದ ಬೇಡಿಕೆ ಏರಿದಂತೆ ಇಲ್ಲಿ ನಡೆದದ್ದು ಹಿಂದೆ ಕಂಡಿರದಂಥದ್ದು. ಲಾರಿಗಳ ಸಾಲು ಹಗಲು ರಾತ್ರಿ ಹರಿಯಿತು. ಕೆಂಪು ದೂಳು ಬೆಳೆಯ ಮೇಲೆ, ಮನೆಯ ಮಾಳಿಗೆಯ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಕೂತಿತು. ಜೋಳ, ಶೇಂಗಾ ಬೆಳೆಯುವ ಹೊಲದಿಂದ ವರ್ಷವಿಡೀ ದುಡಿದರೂ ಬಾರದ ಹಣ ಒಂದು ಲಾರಿಯಿಂದ ಬರುವಂತಾದಾಗ, ತಂದೆ ಒಂದು ಕಡೆ, ಮಗ ಒಂದು ಕಡೆ ಆಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಗ ದುರಾಸೆಯವನೆಂದು ಹೇಳುವುದು ಅನ್ಯಾಯ. ಹೊಲದ ಮೇಲೆ ದೂಳು ಕೂತು ಫಸಲು ಕೈಬಿಟ್ಟ ಮೇಲೆ ಅವನಿಗೆ ಉಳಿದದ್ದಾದರೂ ಏನು? ತಂದೆ ಮೊಂಡನೆಂದು ಹೇಳುವುದೂ ಅನ್ಯಾಯ. ಆ ಹೊಲ ಅವನ ಪಾಲಿಗೆ ಬರೀ ಆಸ್ತಿಯಾಗಿರಲಿಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ‘ಬೆಟ್ಟದ ಜೀವ’ ತೆರೆಕಂಡದ್ದೂ ಅದೇ ವರ್ಷ. ಒಂದು ಕಡೆ ಬೆಟ್ಟವನ್ನು ಎರಡು ತೋಳಿನಿಂದ ಅಳೆಯುವ ಮುದುಕ, ಇನ್ನೊಂದು ಕಡೆ ಟನ್ನುಗಳಲ್ಲಿ ಅಳೆಯುವ ಕಾಲ. ಎರಡೂ ಒಂದೇ ವರ್ಷ ಕನ್ನಡಿಗರ ಮುಂದೆ ಬಂದು ನಿಂತವು. ಗಣಿ ನಿಂತಾಗ ಲಾರಿ ಸಾಲ ಮಾಡಿದ್ದ ಯುವಕರ ಮನೆಗಳಲ್ಲಿ ಮತ್ತೊಂದು ಬಗೆಯ ಸಂಕಟ ಶುರುವಾಯಿತು. ಮುಂದೆ ಕಟ್ಟುಪಾಡುಗಳೊಂದಿಗೆ ಗಣಿಗಳು ಮರಳಿ ತೆರೆದವು. 2024ರಲ್ಲಿ ದೇವದಾರಿ ಬೆಟ್ಟದಲ್ಲಿ ಅದಿರು ತೆಗೆಯುವ ಯೋಜನೆಯ ಸುತ್ತ ವಾದ ಮತ್ತೆ ಎದ್ದಿತು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂಬ ಮಾತನ್ನು ಗಾಂಧೀಜಿಯವರದೆಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಮಳೆ ಹಿಂಜರಿದು ಗುಡ್ಡ ಹಸಿರು ಹೊದ್ದ ಆ ತಿಂಗಳು ನೋಡಿದವರಿಗೆ ಆ ಮಾತಿನಲ್ಲಿ ಉತ್ಪ್ರೇಕ್ಷೆ ಕಾಣುವುದಿಲ್ಲ.

ಗೋಪಾಲಯ್ಯನಂಥವರು ಈ ಸೀಮೆಯಲ್ಲಿ ಇಲ್ಲವೆಂದಲ್ಲ. ರಾಯ ಕಾಲುವೆ, ಬಸವಣ್ಣ ಕಾಲುವೆಗಳ ಕೆಳಗೆ ಬಾಳೆ ಬೆಳೆಯುವ ಹಿರಿಯರು ಇಂದಿಗೂ ವಿಜಯನಗರದ ಕಾಲದ ನೀರನ್ನೇ ಹೊಲಕ್ಕೆ ತಿರುಗಿಸುತ್ತಿದ್ದಾರೆ. ಅವರ ಮಕ್ಕಳು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ಬೆಂಗಳೂರಿನ ಕಚೇರಿಗಳಲ್ಲಿ, ಇನ್ನೂ ದೂರದ ದೇಶಗಳಲ್ಲಿ ಇದ್ದಾರೆ. ಅವರಲ್ಲಿ ಯಾರೂ ಶಂಭುವಿನಂತೆ ಕಾಣೆಯಾದವರಲ್ಲ, ಫೋನು ಮಾಡುತ್ತಾರೆ, ಹಬ್ಬಕ್ಕೆ ಬರುತ್ತಾರೆ. ಹೊಲಕ್ಕೆ ಮಾತ್ರ ಬರುವುದಿಲ್ಲ. ಅಲ್ಲಿ ಈಗ ನಿಂತಿರುವವರು ಪಾಲಿಗೆ ಮಾಡುವ ನಾರಾಯಣರು.

ಸಾಹಿತ್ಯ ಈ ಬದಲಾವಣೆಯನ್ನು ಸಿನಿಮಾಗಿಂತ ಮೊದಲೇ ಗುರುತಿಸಿದೆ. ಸಂಡೂರಿನಲ್ಲಿ ಹುಟ್ಟಿ ಬೆಳೆದ ವಸುಧೇಂದ್ರ ತಾಯಿಯನ್ನು ಕುರಿತು ಬರೆದ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಕನ್ನಡಿಗರ ಮನೆಮಾತಾದ ಪುಸ್ತಕ. ಅವರ ‘ಕೆಂಪು ಗಿಣಿ’ ಕಥೆ ಗಣಿಯ ಕಾಲ ಈ ನೆಲಕ್ಕೂ ಇಲ್ಲಿನ ಮನೆಗಳಿಗೂ ಏನು ಮಾಡಿತೆಂಬುದನ್ನು ಹಿಡಿದಿಟ್ಟಿದೆ. ‘ಬೆಟ್ಟದ ಜೀವ’ಕ್ಕೆ ಘಟ್ಟದ ತಪ್ಪಲಿನಲ್ಲಿ ಇದ್ದ ಸತ್ವ ಈ ಗುಡ್ಡಗಳಲ್ಲೂ ಇದೆ.

ಹಂಪಿಗೆ ಚಿತ್ರತಂಡಗಳು ಬರುವುದು ಹೊಸತಲ್ಲ. ಕಲ್ಲಿನ ರಥ, ಮಂಟಪ, ನದಿಯ ದಂಡೆಯನ್ನು ಹಾಡುಗಳಿಗೆ ಬಳಸಿಕೊಂಡು ಹಿಂದಿರುಗುತ್ತವೆ. ಅವುಗಳಲ್ಲಿ ಒಂದು ತಂಡವಾದರೂ ಹೊಸಪೇಟೆಯಿಂದ ಸಂಡೂರಿನ ದಾರಿ ಹಿಡಿಯಲಿ. ಮರಿಯಮ್ಮನಹಳ್ಳಿಯಲ್ಲಿ ಮುಳುಗಡೆಯ ನೆನಪುಳ್ಳ ಹಿರಿಯರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ, ಅವರ ಮಾತನ್ನು ಈಗಲೇ ಕೇಳಿಸಿಕೊಳ್ಳಲಿ. ಮೊದಲ ದೃಶ್ಯಕ್ಕೆ ಹೆಚ್ಚು ಹುಡುಕಬೇಕಿಲ್ಲ. ಕುಮಾರಸ್ವಾಮಿ ಬೆಟ್ಟದ ಮೇಲೆ ಮುನಿದು ಬಂದ ಮಗನ ಗುಡಿ, ಹಿಂಬಾಲಿಸಿ ಬಂದ ತಾಯಿಯ ಗುಡಿ, ಆಚೆಯ ಗುಡ್ಡದಲ್ಲಿ ಅದಿರು ತೆಗೆದ ಕೆಂಪು ಗಾಯ, ಎಲ್ಲವೂ ಹತ್ತಿರ ಹತ್ತಿರದಲ್ಲೇ ಇವೆ.